ಯಾರು ಬೇಕಾದರೂ ಕೊಯ್ಯಬಹುದಾದ ತೋಟ: ಮುಂಬೈಯ ಗಲ್ಲಿಯಲ್ಲಿ ಮಾಡುವುದು ಹೇಗೆ

ಮೊದಲ ಮಳೆಗಾಲದಲ್ಲಿ ನಮ್ಮ ಬಸಳೆಯನ್ನು ಯಾರೋ ಬೇರುಸಮೇತ ಕಿತ್ತುಕೊಂಡು ಹೋದರು. ಎರಡು ತಿಂಗಳು ಸಾಕಿದ ಬಳ್ಳಿ. ಬೆಳಿಗ್ಗೆ ಹಾಲು ತರಲು ಕೆಳಗಿಳಿದು ನೋಡಿದರೆ ಚಪ್ಪರದಲ್ಲಿ ಬರೀ ದಾರ ನೇತಾಡುತ್ತಿತ್ತು. "ನಾನು ಹೇಳಿರಲಿಲ್ವಾ, ಇಲ್ಲಿ ಇದೆಲ್ಲ ನಡೆಯಲ್ಲ" ಎಂದು ನಮ್ಮ ಕಟ್ಟಡದ ಹೌಸಿಂಗ್ ಸೊಸೈಟಿಯ ಕಮಿಟಿಯವರೊಬ್ಬರು ಸಿಕ್ಕಿದಾಗಲೆಲ್ಲ ಹೇಳಿದರು. ಅದೇ ಮಳೆಗಾಲದಲ್ಲಿ ಪಕ್ಕದ ಮಡಿಯ ಬೆಂಡೆಕಾಯಿ ಗಿಡದಲ್ಲೇ ಬಲಿತು, ನಾರಾಗಿ, ಒಣಗಿ ಬಿರಿಯಿತು. ಅದನ್ನು ಒಬ್ಬರೂ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದರೆ, "ನಿಮ್ಮದಲ್ವಾ ಅದು, ನಾವು ಹೇಗೆ ಕೊಯ್ಯೋದು?"

ಬಸಳೆ ಹೋದದ್ದಕ್ಕೆ ಒಂದು ವಾರ ಬೇಜಾರಾಯಿತು. ಬೆಂಡೆಕಾಯಿಯ ವಿಷಯ ಮಾತ್ರ ಇಡೀ ವರ್ಷ ಕಾಡಿತು. ಸಾರ್ವಜನಿಕ ತೋಟ ಮಾಡಲು ಹೊರಟವರೆಲ್ಲ ಕಳ್ಳತನಕ್ಕೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಜಾಸ್ತಿ ಹಾಳಾಗುವುದು ಯಾರೂ ಕೊಯ್ಯದೆ, ಇಲ್ಲವೇ ಕೊಯ್ಯಲು ಬಾರದವರು ಕೊಯ್ದು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ನೆಡುವುದಕ್ಕಿಂತ ಕೊಯ್ಯುವುದರ ಬಗ್ಗೆಯೇ ಮಾತು ಹೆಚ್ಚು.

ಬೇಲಿ, ಬೀಗ ಇಲ್ಲದೆ ದಾರಿಯಲ್ಲಿ ಹೋಗುವವರಿಗೂ ಸಿಗಲಿ ಎಂದು ಬೆಳೆಯುವುದು ಬೇರೆ ಊರುಗಳಲ್ಲಿ ಚೆನ್ನಾಗಿ ನಡೆದಿದೆ. ಇಂಗ್ಲೆಂಡಿನ ಟಾಡ್‌ಮೊರ್ಡನ್ ಎಂಬ ಸಣ್ಣ ಪೇಟೆಯಲ್ಲಿ ಪ್ಯಾಮ್ ವಾರ್‌ಹರ್ಸ್ಟ್, ಮೇರಿ ಕ್ಲಿಯರ್ ಮತ್ತು ಅವರ ಗೆಳೆಯರು 2008ರಲ್ಲಿ 'ಇನ್‌ಕ್ರೆಡಿಬಲ್ ಎಡಿಬಲ್' ಶುರು ಮಾಡಿದರು. ಪೊಲೀಸ್ ಠಾಣೆಯ ಎದುರು ಮೆಕ್ಕೆಜೋಳ, ರೈಲ್ವೆ ಸ್ಟೇಷನ್ನಿನಲ್ಲಿ ಅಡುಗೆಯ ಸೊಪ್ಪು. ಅಮೆರಿಕದ ಸಿಯಾಟಲ್‌ನ ಬೀಕನ್ ಫುಡ್ ಫಾರೆಸ್ಟ್‌ನಲ್ಲೂ ಯಾರು ಬೇಕಾದರೂ ಹಣ್ಣು, ತರಕಾರಿ ಕೊಯ್ಯಬಹುದು. ಕರ್ನಾಟಕದ ನಮ್ಮ ಊರಿನಲ್ಲಾದರೂ ಇದು ಗೊತ್ತಿಲ್ಲದ ವಿಷಯವಾ? ಬಾವಿಕಟ್ಟೆಯ ಪಕ್ಕ ಬಸಳೆ ಚಪ್ಪರ, ಪಕ್ಕದ ಮನೆಯವರು ಕತ್ತಿ ಹಿಡಿದು ಬಂದು "ಒಂದು ಹಿಡಿ ಕೊಯ್ತೇನೆ ಅಕ್ಕ" ಅನ್ನುವುದು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೇ.

ಹಂತ 1: ಜಾಗ ಮತ್ತು ಒಪ್ಪಿಗೆ

ಮುಂಬೈಯಲ್ಲಿ ಯಜಮಾನ ಇಲ್ಲದ ಜಾಗ ಅಂತ ಒಂದಡಿಯೂ ಇಲ್ಲ. ಖಾಲಿ ಕಾಣುವ ಪಟ್ಟಿಗೂ ಮಾಲೀಕರು ಇರುತ್ತಾರೆ. ಸೊಸೈಟಿಯ ಜಾಗವಾದರೆ ಕಮಿಟಿಯ ಒಪ್ಪಿಗೆ ಸಾಲದು, ಸಭೆಯಲ್ಲಿ ಠರಾವು ಮಾಡಿಸಿ ಬರೆಸಿಕೊಳ್ಳಿ. ಕಮಿಟಿ ಬದಲಾದಾಗ ಆ ಕಾಗದವೇ ನಿಮ್ಮನ್ನು ಕಾಯುವುದು. ಪಾಲಿಕೆಯ ಉದ್ಯಾನದಲ್ಲಿ ಮೂಲೆಯೊಂದು ಬೇಕಿದ್ದರೆ ವಾರ್ಡ್ ಆಫೀಸಿನ ಗಾರ್ಡನ್ ಖಾತೆಗೆ ಅರ್ಜಿ ಕೊಡಬೇಕು. ಮುಲುಂಡ್‌ನವರಾದ ನಮಗೆ ಅದು ಟಿ ವಾರ್ಡ್. ಅರ್ಜಿ ಮರಾಠಿಯಲ್ಲಿರಲಿ. ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ (ಅರ್ಜಿ ಬಂದಿದೆ ಎಂದು ಆಫೀಸಿನವರು ಕೊಡುವ ನಂಬರ್) ಹಾಕಿಸಿಕೊಳ್ಳದೆ ಬರಬೇಡಿ. ಅದಿಲ್ಲದೆ ಎರಡನೇ ಸಲ ಹೋದರೆ ಮೊದಲನೇ ಸಲ ಹೋಗಿಯೇ ಇಲ್ಲ ಎಂದಾಗುತ್ತದೆ. ಶಾಲೆ, ದೇವಸ್ಥಾನ, ನಮ್ಮ ಕನ್ನಡಿಗರ ಸಂಘಗಳ ಹಿತ್ತಲು ಸಿಕ್ಕರೆ ಕೆಲಸ ಬೇಗ ಆಗುತ್ತದೆ.

ಬಿಸಿಲಿಗೆ ಅಡ್ಡ ಬರುತ್ತದೆ ಎಂದು ಮರದ ಕೊಂಬೆಗೆ ಕೈ ಹಾಕಬೇಡಿ. ಮಹಾರಾಷ್ಟ್ರದ ನಗರಗಳಲ್ಲಿ ಮರಗಳ ರಕ್ಷಣೆಗೆ 1975ರಿಂದ ಕಾಯಿದೆ ಇದೆ. ಮೊದಲು ಅನುಮತಿ ಬೇಕು.

ಬಿಸಿಲನ್ನು ಒಂದೇ ದಿನ ನೋಡಿ ತೀರ್ಮಾನಿಸುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೆ. ಜೂನ್‌ನಲ್ಲಿ ಮುಂಬೈಯ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ. ಏಳು ಮಾಳಿಗೆಯ ಕಟ್ಟಡದ ನೆರಳು ಆಗ ಮಧ್ಯಾಹ್ನದಲ್ಲೂ ಉತ್ತರಕ್ಕೆ ಸುಮಾರು 60 ಅಡಿ ಚಾಚುತ್ತದೆ. ಮೇ ತಿಂಗಳಲ್ಲಿ "ಆಹಾ, ಎಂಥ ಬಿಸಿಲು" ಅಂದುಕೊಂಡ ಕಟ್ಟಡದ ಉತ್ತರದ ಪಟ್ಟಿ ಚಳಿಗಾಲದಲ್ಲಿ ಪೂರ್ತಿ ನೆರಳು. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ 5-6 ಗಂಟೆ ಬಿಸಿಲು ಬೇಕು. ಸೊಪ್ಪು 3-4 ಗಂಟೆಯಲ್ಲೂ ಸುಧಾರಿಸುತ್ತದೆ.

ಇನ್ನೊಂದು: ಜಾಗ ಕಣ್ಣಿಗೆ ಬೀಳುವಂತಿರಲಿ. ಹಿಂದಿನ ಗಟಾರದ ಪಕ್ಕ ಕೊಟ್ಟರೆ ಬೇಡ ಅನ್ನಿ. ಗೇಟಿನ ಹತ್ತಿರ, ಸ್ಟೇಷನ್ನಿನಿಂದ ಮನೆಗೆ ನಡೆಯುವ ದಾರಿಯಲ್ಲಿ, ಯಾರಾದರೂ ಬೆಂಚಿನ ಮೇಲೆ ಕೂತು ನೋಡುವಂತಿರುವ ಕಡೆ ಬೇಕು. ಬಸಳೆ ಕಿತ್ತದ್ದು ರಾತ್ರಿ ದೀಪವಿಲ್ಲದ ಮೂಲೆಯಲ್ಲಿ.

ಹಂತ 2: ಮಡಿ ಮತ್ತು ಮಣ್ಣು

ಒಂದೇ ಮಡಿಯಿಂದ ಶುರು ಮಾಡಿ. 10 ಅಡಿ ಉದ್ದ, 4 ಅಡಿ ಅಗಲ. ಅಗಲ 4 ಅಡಿ ದಾಟಬಾರದು. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು. ಸಿಗದಿದ್ದರೆ ಜನ ಮಡಿಯೊಳಗೆ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ.

ನೆಲದ ಮಣ್ಣನ್ನು ನಂಬಬೇಡಿ. ಇಲ್ಲಿ ನಾಲ್ಕು ಇಂಚು ಅಗೆದರೆ ಡೆಬ್ರಿಸ್: ಟೈಲ್ಸ್ ಚೂರು, ಸಿಮೆಂಟು, ಹಳೇ ಬಣ್ಣ. ರಸ್ತೆ ಬದಿಯಾದರೆ ಸೀಸವೂ ಇರಬಹುದು. ದೇಶದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ. ಅದಕ್ಕೂ ಮೊದಲು ದಶಕಗಟ್ಟಲೆ ಹೊಗೆಯಲ್ಲಿ ಬಂದು ನೆಲಕ್ಕೆ ಬಿದ್ದ ಸೀಸ ತಾನಾಗಿ ಮಾಯವಾಗುವುದಿಲ್ಲ. ಮಕ್ಕಳೂ ತಿನ್ನುವ ತೋಟ ಇದು. ಹಾಗಾಗಿ ಒಂದು, ಒಂದೂವರೆ ಅಡಿ ಎತ್ತರದ ಇಟ್ಟಿಗೆ ಮಡಿ ಕಟ್ಟಿ ಹೊಸ ಮಣ್ಣು ತುಂಬಿ. ರಸ್ತೆಯ ಕಡೆಗೆ ತೊಂಡೆ, ಬೆಂಡೆಯಂಥ ಕಾಯಿ ಗಿಡ ಇರಲಿ. ಸೊಪ್ಪು, ಗೆಡ್ಡೆ ಒಳಗಿನ ಕಡೆಗೆ. ಸಾಮಾನ್ಯವಾಗಿ ಮಣ್ಣಿನ ಸೀಸ ಎಲೆ, ಬೇರಿಗೆ ಹತ್ತಿದಷ್ಟು ಕಾಯಿಗೆ ಹತ್ತುವುದಿಲ್ಲ. ಎಲೆಯ ಮೇಲೆ ರಸ್ತೆಯ ಧೂಳು ಕೂರುವುದು ಬೇರೆ.

ಇಟ್ಟಿಗೆಗೆ ದುಡ್ಡು ಹಾಕಬೇಕಿಲ್ಲ. ಹಳೇ ಕಟ್ಟಡ ಒಡೆದು ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಗಲ್ಲಿಗೊಂದು ನಡೆಯುತ್ತಿದೆಯಲ್ಲ, ಕೇಳಿದರೆ ಕೊಡುತ್ತಾರೆ. ಬಣ್ಣ ಮೆತ್ತಿದ ಇಟ್ಟಿಗೆ ಮಾತ್ರ ಬಿಟ್ಟುಬಿಡಿ, ಹಳೇ ಬಣ್ಣದಲ್ಲೂ ಸೀಸ ಇರುತ್ತದೆ.

ಮಡಿಯ ತಳದಲ್ಲಿ ನೀರು ಹೋಗಲು ಸಂದು ಬಿಡಿ, ಇಟ್ಟಿಗೆ ಚೂರು ಹರಡಿ. ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿ.ಮೀ. ಮಳೆ ಸುರಿದ ಊರು ಇದು. ಅಂಥ ಮಳೆಗೆ ಯಾವ ಮಡಿಯೂ ನಿಲ್ಲದು. ಆದರೆ ಮಾಮೂಲಿ ಜುಲೈಗೇ ಬೇರು ಕೊಳೆಯುವಂತಿರಬಾರದು.

ಒಂದಡಿ ಎತ್ತರಕ್ಕೆ ತುಂಬಲೇ 40 ಘನ ಅಡಿ ಮಣ್ಣು ಬೇಕು. ಅಷ್ಟನ್ನೂ ನರ್ಸರಿಯಿಂದ ಕೊಂಡರೆ ತೋಟ ಅಲ್ಲಿಗೇ ನಿಲ್ಲುತ್ತದೆ. ಮುಂಬೈಯ ತಾರಸಿ ತೋಟದವರು ಬಳಸುವ 'ಅಮೃತ ಮಿಟ್ಟಿ' ಇಲ್ಲಿ ಕೈಹಿಡಿಯುತ್ತದೆ. ಇದರ ಹಿಂದೆ ಇರುವುದು ಕೊಲ್ಹಾಪುರದ ಗಣಿತಜ್ಞ ಶ್ರೀಪಾದ ದಾಭೋಳ್ಕರ್ ಅವರ ಪ್ರಯೋಗಗಳು. ಮುಂಬೈ ಪೋರ್ಟ್ ಟ್ರಸ್ಟ್‌ನ ಕ್ಯಾಂಟೀನಿನ ತಾರಸಿಯಲ್ಲಿ ಪ್ರೀತಿ ಪಾಟೀಲ್ ಮತ್ತು ಅಲ್ಲಿನ ಸಿಬ್ಬಂದಿ ಅಡುಗೆಮನೆಯ ಕಸದಿಂದಲೇ ಹಣ್ಣು, ತರಕಾರಿ ಬೆಳೆದು ಈ ದಾರಿಯನ್ನು ಊರಿಗೆ ತೋರಿಸಿದರು.

ಮೊದಲು ಅಮೃತ ಜಲ. 10 ಲೀಟರ್ ನೀರು, 1 ಕೆ.ಜಿ. ಹಸಿ ಸಗಣಿ, 1 ಲೀಟರ್ ಗೋಮೂತ್ರ, 50 ಗ್ರಾಂ ಬೆಲ್ಲ. ಬಕೆಟ್ಟಿನಲ್ಲಿ ಕಲಸಿ, ಬಟ್ಟೆ ಮುಚ್ಚಿ, ಮೂರು ದಿನ ಬಿಡಿ. ದಿನಕ್ಕೆ ಎರಡು ಮೂರು ಸಲ ಕೋಲಿನಿಂದ ತಿರುಗಿಸಿ. ನಾಲ್ಕನೇ ದಿನ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ. ಸಗಣಿ ಎಲ್ಲಿಂದ ತರೋದು ಅಂತೀರಾ? ದೇವಸ್ಥಾನದ ಹೊರಗೆ ಹಸು ಕಟ್ಟಿಕೊಂಡು ಹುಲ್ಲು ಮಾರುವ ಹೆಂಗಸರು ಇರುತ್ತಾರಲ್ಲ, ಅವರಲ್ಲಿ ಹಿಂದಿನ ದಿನವೇ ಹೇಳಿಡಿ.

ಈ ನೀರಿನಲ್ಲಿ ಒಣ ಎಲೆ, ಕಬ್ಬಿನ ಸಿಪ್ಪೆಯನ್ನು ಒಂದು ದಿನ ನೆನೆಸಬೇಕು. ಕಬ್ಬಿನ ಸಿಪ್ಪೆ ರಸವಂತಿ ಗೃಹದಲ್ಲಿ, ಅಂದರೆ ಕಬ್ಬಿನ ರಸದ ಅಂಗಡಿಯಲ್ಲಿ, ಮೂಟೆಗಟ್ಟಲೆ ಸಿಗುತ್ತದೆ, ಹೊತ್ತುಕೊಂಡು ಹೋದರೆ ಅವರಿಗೂ ಖುಷಿ. ಎಲೆಗೆ ಗಲ್ಲಿ ಗುಡಿಸುವವರನ್ನು ಕೇಳಿ. ಮಳೆಮರದ ಸಣ್ಣ ಎಲೆ ಬೇಗ ಕರಗುತ್ತದೆ, ಮಾವಿನೆಲೆ ಹಟ ಮಾಡುತ್ತದೆ. ನೆನೆದದ್ದನ್ನು ಒಂದು ಪದರ, ಮೇಲೆ ಒಂದು ಹಿಡಿ ಮಣ್ಣು, ಮತ್ತೆ ಒಂದು ಪದರ, ಹೀಗೆ ತುಳಿದು ತುಂಬಿ. ಫೆಬ್ರವರಿಯಲ್ಲಿ ತುಂಬಿದರೆ ಜೂನ್ ಹೊತ್ತಿಗೆ ಕಪ್ಪಾಗಿ, ಮಳೆ ಬಿದ್ದ ನೆಲದ ವಾಸನೆ ಬರುತ್ತದೆ. ಮಡಿ ಕುಸಿದಿರುತ್ತದೆ, ಮತ್ತೆ ತುಂಬಿ. ಬೇಯಿಸಿದ ಅನ್ನ, ಮೀನಿನ ಚೂರು ಮಾತ್ರ ಹಾಕಬೇಡಿ. ಇಲಿ ಬಂದರೆ ಅದರ ಹಿಂದೆ ಲೆಪ್ಟೋ, ಅಂದರೆ ಇಲಿಜ್ವರದ ಭಯವೂ ಬರುತ್ತದೆ.

ಹಂತ 3: ಏನು ನೆಡಬೇಕು

ನನ್ನ ನಿಯಮ ಒಂದೇ: ಚಿವುಟಿದಷ್ಟೂ ಚಿಗುರುವುದನ್ನು ನೆಡಿ. ಒಂದು ಗಿಡಕ್ಕೆ ಒಂದೇ ಫಸಲು ಕೊಡುವ ಹೂಕೋಸು, ಎಲೆಕೋಸು ಸಾರ್ವಜನಿಕ ತೋಟಕ್ಕೆ ಆಗದು. ಒಬ್ಬರಿಗೆ ಸಿಗುತ್ತದೆ, ಹತ್ತು ಜನ ನೋಡುತ್ತಾರೆ. ಬಾಳೆಗೊನೆಯ ಕಥೆಯೂ ಅದೇ. ನಾವು ಒಮ್ಮೆ ನೆಟ್ಟು, ಗೊನೆ ಬಂದಾಗ ಎರಡು ವಿಂಗಿನವರ ನಡುವೆ ಮಾತುಕತೆ ನಿಂತಿತು.

ಬಸಳೆ ಮೊದಲು. ಬೀಜ ಬೇಡ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ದಪ್ಪ ದಂಟು ಆರಿಸಿ, ಮೂರು ಗೆಣ್ಣು ಇರುವ ತುಂಡು ಮಾಡಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಿ. ಎಲೆ ತೆಗೆದುಬಿಡಿ. ತೊಂಡೆ ಬಳ್ಳಿಯೂ ತುಂಡಿನಿಂದಲೇ ಬರುತ್ತದೆ. ಒಮ್ಮೆ ಚಪ್ಪರ ಹತ್ತಿದರೆ ವರ್ಷಗಟ್ಟಲೆ ಕಾಯಿ.

ನುಗ್ಗೆಗೆ ಮೂರಡಿಯ ಕೊಂಬೆ ಸಾಕು. ಆದರೆ ಅದನ್ನು ಮರವಾಗಲು ಬಿಡಬೇಡಿ. ಮರ ಮೆದು, ಮಳೆಗಾಲದ ಗಾಳಿಗೆ ಮುರಿದು ಯಾರದ್ದಾದರೂ ಸ್ಕೂಟರ್ ಮೇಲೆ ಬೀಳುತ್ತದೆ. ನಾಲ್ಕಡಿಯಲ್ಲಿ ಕಡಿಯುತ್ತಾ ಇದ್ದರೆ ಪೊದೆಯಾಗಿ ಸೊಪ್ಪು ಕೈಗೆಟಕುತ್ತದೆ. ಕರಿಬೇವು, ದೊಡ್ಡಪತ್ರೆ, ಪುದಿನ ಮಡಿಯ ಅಂಚಿಗೆ. ಮಜ್ಜಿಗೆ ಹುಲ್ಲನ್ನು ಮರೆಯಬೇಡಿ. ಮರಾಠಿಯವರು ಅದನ್ನು 'ಗವತಿ ಚಹಾ' ಅನ್ನುತ್ತಾರೆ. ಬೆಳಗಿನ ಚಹಾಕ್ಕೆ ಒಂದು ಎಸಳು ಕತ್ತರಿಸಲು ಯಾರಿಗೂ ಸಂಕೋಚ ಇರುವುದಿಲ್ಲ. ನಮ್ಮ ತೋಟದಲ್ಲಿ ಜನರ ಸಂಕೋಚ ಬಿಡಿಸಿದ್ದು ಅದೇ ಹುಲ್ಲು.

ಹರಿವೆ ಬೀಜ ರಾಗಿಗಿಂತ ಸಣ್ಣದು. ಮರಳಿನಲ್ಲಿ ಬೆರೆಸಿ ಚೆಲ್ಲಿ. ಜುಲೈ ಮಳೆಯಲ್ಲಿ ಚೆಲ್ಲಿದರೆ ಬೀಜ ಗಟಾರಕ್ಕೆ. ಮೇ ಕೊನೆಯಲ್ಲಿ ಚೆಲ್ಲಿ ಮಳೆಗೆ ಮೊದಲೇ ಬೇರೂರಿಸಿ, ಇಲ್ಲವೇ ಸೆಪ್ಟೆಂಬರ್‌ವರೆಗೆ ಕಾಯಿರಿ.

ಪತ್ರೊಡೆಯ ಆಸೆಗೆ ಕೆಸು ನೆಡುವವರಿಗೆ ಒಂದು ಮಾತು. ಅದರ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಹಸಿಯಾಗಿ ಬಾಯಿಗೆ ಹೋದರೆ ಗಂಟಲು ತುರಿಕೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು ಎಂದು ನಮಗೆ ಗೊತ್ತು, ದಾರಿಯಲ್ಲಿ ಹೋಗುವ ಹುಡುಗನಿಗೆ ಗೊತ್ತಿಲ್ಲ. ನಾವು ಮಡಿಯಿಂದ ದೂರ ಬೇರೆಯೇ ಡ್ರಮ್ಮಿನಲ್ಲಿಟ್ಟು ಫಲಕ ಹಾಕಿದ್ದೇವೆ. ಚಕ್ರಮುನಿ ಸೊಪ್ಪನ್ನೂ ಬೇಯಿಸಿಯೇ ತಿನ್ನಬೇಕು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಅದರ ಹಸಿ ರಸವನ್ನು ದಿನವೂ ಜಾಸ್ತಿ ಕುಡಿದವರ ಶ್ವಾಸಕೋಶ ಕೆಟ್ಟಿತ್ತು. ಇನ್ನು ಕಣಗಿಲೆ, ದತ್ತೂರ ಇಂಥವು ತೋಟದ ಆಸುಪಾಸಿನಲ್ಲೂ ಬೇಡ. ಇಲ್ಲಿರುವುದೆಲ್ಲ ತಿನ್ನುವಂಥದ್ದೇ ಎಂಬ ನಂಬಿಕೆಯಲ್ಲಿ ಜನ ಕೈ ಹಾಕುತ್ತಾರೆ.

ಉಡುಪಿಯಿಂದ ಮಟ್ಟುಗುಳ್ಳದ (ಮಟ್ಟು ಎಂಬ ಊರಿನ ಬದನೆಯ) ಬೀಜ ತಂದು ಹಾಕಿದ್ದೂ ಆಯಿತು. ಗಿಡ ಬಂತು, ಕಾಯಿಯೂ ಬಂತು. ಹುಳಿ ಮಾಡಿ ಉಂಡ ಮೇಲೆ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಆ ರುಚಿ ಮಟ್ಟುವಿನ ಮಣ್ಣಿನದ್ದು, ಅಲ್ಲೇ ಇರಲಿ.

ಚಳಿಗಾಲದ ಲೆಕ್ಕ ಸುಲಭ: ಅಕ್ಟೋಬರ್ ಬಿಸಿಲು ಇಳಿದ ಮೇಲೆ ಮೆಂತೆ, ಪಾಲಕ್, ಕೊತ್ತಂಬರಿ, ಮೂಲಂಗಿ, ಬದನೆ. ಮಾರ್ಚ್‌ನಿಂದ ಒಣ ಎಲೆಯ ಹೊದಿಕೆ ಹಾಕಿ, ಇದ್ದದ್ದನ್ನು ಉಳಿಸಿಕೊಳ್ಳಿ.

ಹಂತ 4: ಕೊಯ್ಲು ಕಲಿಸುವುದು

ಬಸಳೆ ಕಿತ್ತವರು ಕಳ್ಳರಲ್ಲ ಅಂತ ನಾನು ಈಗ ನಂಬುತ್ತೇನೆ. ಅವರಿಗೆ ಅಂಗಡಿಯ ಕಟ್ಟು ಮಾತ್ರ ಗೊತ್ತು. ಹಾಗಾಗಿ ಫಲಕದಲ್ಲಿ 'ಕೊಯ್ಯಬಹುದು' ಎಂದು ಬರೆದರೆ ಸಾಲದು, ಎಲ್ಲಿ ಕತ್ತರಿಸಬೇಕು ಎಂದು ಚಿತ್ರ ಬರೆಯಬೇಕು. ನಮ್ಮ ಫಲಕ ಹೀಗಿದೆ:

"ಇದು ಎಲ್ಲರದ್ದು. ಯಾರು ಬೇಕಾದರೂ ಕೊಯ್ಯಬಹುದು. ಒಂದು ಹೊತ್ತಿನ ಅಡುಗೆಗೆ ಸಾಕಾಗುವಷ್ಟು. ಬೇರು ಕೀಳಬೇಡಿ, ಕತ್ತರಿ ಇಲ್ಲೇ ಇದೆ. ಕೆಂಪು ಬಟ್ಟೆ ಕಟ್ಟಿದ ಗಿಡ ಮುಟ್ಟಬೇಡಿ. ತೊಳೆದು ತಿನ್ನಿ."

ಕೆಂಪು ಬಟ್ಟೆಯವು ಬೀಜಕ್ಕೆ ಬಿಟ್ಟ ಗಿಡಗಳು. ಫಲಕ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಇದೆ. ಗಿಡದ ಹೆಸರುಗಳೂ ಅಷ್ಟೇ. ಬಸಳೆಗೆ ಮಾಯಾಳು, ಹರಿವೆಗೆ ಮಾಠ, ನುಗ್ಗೆಗೆ ಶೇವ್ಗಾ, ಕೆಸುವಿಗೆ ಅಳು, ತೊಂಡೆಗೆ ತೋಂಡ್ಲಿ. 'ಬಸಳೆ' ಎಂದಷ್ಟೇ ಬರೆದಿದ್ದಾಗ ಅದು ಏನೋ ಬಳ್ಳಿ. 'ಮಾಯಾಳು' ಎಂದು ಸೇರಿಸಿದ ವಾರವೇ ಎರಡನೇ ಮಾಳಿಗೆಯ ಕಾಕೂ ಇಳಿದು ಬಂದು ಭಜಿಗೆ ಎಲೆ ಕೊಯ್ದರು.

ಕತ್ತರಿಯನ್ನು ನೈಲಾನ್ ದಾರದಲ್ಲಿ ಕಟ್ಟಿ. ಮೊದಲ ವರ್ಷ ಮೂರು ಹೋದವು. ದಾರ ಎರಡಡಿ ಮಾಡಿದ ಮೇಲೆ ಹೋಗಲಿಲ್ಲ, ಆದರೆ ಆ ಕಡೆಯ ಗಿಡಕ್ಕೆ ಎಟುಕಲಿಲ್ಲ. ಈಗ ಎರಡು ಕತ್ತರಿ.

ಇನ್ನು ಕತ್ತರಿಸುವ ಲೆಕ್ಕ. ಬಸಳೆಯನ್ನು ನೆಲದಿಂದ ಒಂದೂವರೆ ಅಡಿ ಬಿಟ್ಟು, ಗೆಣ್ಣಿನ ಸ್ವಲ್ಪ ಮೇಲೆ. ಹರಿವೆಯನ್ನು ನಾಲ್ಕು ಬೆರಳು ಎತ್ತರದಲ್ಲಿ, ಕೆಳಗೆ ಎರಡು ಎಲೆ ಉಳಿಸಿ. ಎರಡು ವಾರದಲ್ಲಿ ಮತ್ತೆ ಬರುತ್ತದೆ, ಎರಡು ಮೂರು ಸಲ ಹೀಗೆ ಸಿಗುತ್ತದೆ. ದೊಡ್ಡಪತ್ರೆಯ ತುದಿ ಚಿವುಟಿದರೆ ಅಡ್ಡಡ್ಡ ಹಬ್ಬುತ್ತದೆ. ಬೆಂಡೆಯನ್ನು ಮಾತ್ರ ಕೊಯ್ಯಲೇಬೇಕು, ಎರಡು ದಿನಕ್ಕೊಮ್ಮೆ. ಕಾಯಿ ಬಲಿಯಲು ಬಿಟ್ಟರೆ ಗಿಡ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಬೆಂಡೆಯ ಮಡಿಗೆ ನಾವು ಬೇರೆ ಫಲಕವೇ ಹಾಕಿದ್ದೇವೆ: "ದಯವಿಟ್ಟು ಕೊಯ್ಯಿರಿ."

ಇಷ್ಟಾದರೂ ಮೊದಲ ತಿಂಗಳು ಯಾರೂ ಮುಟ್ಟುವುದಿಲ್ಲ. ಭಾನುವಾರ ಬೆಳಿಗ್ಗೆ ನೀವೇ ಕೊಯ್ದು, ಗೇಟಿನ ಪಕ್ಕ ಬುಟ್ಟಿಯಲ್ಲಿಡಿ. ಹೋಗುವವರ ಕೈಗೆ ಕೊಡಿ. ಎರಡು ಮೂರು ವಾರ ಆದ ಮೇಲೆ ಬುಟ್ಟಿ ಖಾಲಿ ಇಟ್ಟು, ಕೇಳಿದವರಿಗೆ ಕತ್ತರಿ ಕೊಡಿ. ಮೊದಲ ಸಲ ಕೊಯ್ಯುವವರ ಪಕ್ಕ ನಿಲ್ಲಿ, ಸುಮ್ನೆ ಮಾತಾಡುತ್ತಾ.

ಕೆಲವರು ಆಗ ಬಂದು ಮೆಲ್ಲಗೆ ಹೇಳುತ್ತಾರೆ: "ಸೊಸೈಟಿಯವರು ತಗೊಳ್ಳಲಿ, ಕೆಲಸದವರೆಲ್ಲ ಯಾಕೆ?" ನಮ್ಮಲ್ಲೂ ಹೇಳಿದರು. ಈ ಮಾತಿಗೆ ಉತ್ತರವನ್ನು ಠರಾವಿನಲ್ಲೇ ಬರೆಸಿಡಿ: ವಾಚ್‌ಮನ್, ಗುಡಿಸುವವರು, ಮನೆಕೆಲಸದವರು, ದಾರಿಹೋಕರು, ಎಲ್ಲರೂ. ಎಲೆ ತಂದುಕೊಟ್ಟವರು ಗುಡಿಸುವವರು, ರಾತ್ರಿ ನೋಡಿಕೊಳ್ಳುವವರು ವಾಚ್‌ಮನ್. ಅವರು ಕೊಯ್ಯಲು ಶುರು ಮಾಡಿದ ಮೇಲೆ ನಮ್ಮಲ್ಲಿ ಬೇರು ಕೀಳುವುದು ನಿಂತಿತು.

ಹಂತ 5: ನೀರು, ಹುಳ, ಸರದಿ

ಕೊಳಚೆ ನಾಲೆಯ ನೀರು ಎಷ್ಟೇ ಹತ್ತಿರವಿದ್ದರೂ ಬೇಡ. ರೈಲು ಹಳಿಯ ಪಕ್ಕದ ಪಾಲಕ್ ಬಗ್ಗೆ ಮುಂಬೈಯವರಿಗೆ ಇರುವ ಅನುಮಾನವೇ ಅದರ ನೀರಿನದ್ದು. ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟರೆ ಗಟ್ಟಿ ಮುಚ್ಚಳ ಇರಲಿ, ವಾರಕ್ಕೊಂದು ದಿನ ಪೂರ್ತಿ ಬರಿದು ಮಾಡಿ ಉಜ್ಜಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟು ಬೆಳೆಯಲು ಒಂದು ವಾರ, ಹತ್ತು ದಿನ ಸಾಕು. ಪಾಲಿಕೆಯವರು ತಪಾಸಣೆಗೆ ಬಂದಾಗ ಲಾರ್ವಾ ಸಿಕ್ಕಿದರೆ ದಂಡ ಬೀಳುತ್ತದೆ, ತೋಟ ಬೇಡ ಅನ್ನುವವರಿಗೆ ನೆಪವೂ ಸಿಗುತ್ತದೆ.

ಅಂಗಡಿಯ ಕೀಟನಾಶಕ ಯಾವುದೂ ಬೇಡ. ಸಿಂಪಡಿಸಿದ ಹತ್ತು ನಿಮಿಷಕ್ಕೆ ಯಾರೋ ಪುದಿನ ಚಿವುಟಿ ಬಾಯಿಗೆ ಹಾಕಿಕೊಳ್ಳಬಹುದು. ಗಿಡದ ಹೇನಿಗೆ ಜೋರು ನೀರು, ಬಿಳಿ ಹಿಟ್ಟಿನ ಹುಳಕ್ಕೆ ಸೋಪಿನ ನೀರಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್. ಮಳೆಗಾಲದಲ್ಲಿ ಅಂಗೈಯಷ್ಟು ದೊಡ್ಡ ಆಫ್ರಿಕನ್ ಬಸವನಹುಳ ಬರುತ್ತವೆ. ರಾತ್ರಿ ಟಾರ್ಚ್ ಹಿಡಿದು, ಗ್ಲೌಸ್ ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಅವುಗಳಿಂದ ರೋಗ ತಗಲಬಹುದು. ಫಲಕದ "ತೊಳೆದು ತಿನ್ನಿ" ಅದಕ್ಕೂ ಸೇರಿಯೇ ಇದೆ.

ನೀರು ಹಾಕಲು ಏಳು ಮನೆ ಸಾಕು, ವಾರಕ್ಕೆ ಒಬ್ಬೊಬ್ಬರಿಗೆ ಒಂದು ದಿನ, ಹದಿನೈದು ನಿಮಿಷ. ವಾಟ್ಸಾಪ್ ಗುಂಪಿನಲ್ಲಿ ಐವತ್ತು ಜನ ಇದ್ದು ಹೂವಿನ ಚಿತ್ರ ಕಳಿಸುವುದಕ್ಕಿಂತ ಇದು ಮೇಲು. ಊರಿಗೆ ಹೋಗುವವರು ಮೊದಲೇ ಹೇಳಬೇಕು. ಮೇ ತಿಂಗಳಲ್ಲಿ ನಮ್ಮವರೆಲ್ಲ ಒಟ್ಟಿಗೆ ಊರಿಗೆ ಹೋಗುತ್ತಾರೆ. ಹಾಗಾಗಿ ಸರದಿಯಲ್ಲಿ ಊರು ಇಲ್ಲೇ ಇರುವ ಇಬ್ಬರಾದರೂ ಇರಲಿ.

ಎರಡನೇ ವರ್ಷಕ್ಕೆ ಬೀಜ ಕೊಳ್ಳಬೇಡಿ. ಪ್ರತಿ ಸಾಲಿನಲ್ಲಿ ಚೆನ್ನಾಗಿರುವ ಒಂದು ಹರಿವೆ, ಎರಡು ಬೆಂಡೆ ಆರಿಸಿ ಕೆಂಪು ಬಟ್ಟೆ ಕಟ್ಟಿ. ಹರಿವೆಯ ತೆನೆ ಒಣಗಿದಾಗ ಹಳೇ ಪೇಪರ್ ಹಾಸಿ ಮೆಲ್ಲಗೆ ಉಜ್ಜಿದರೆ ಕಪ್ಪು ಬೀಜ ಸುರಿಯುತ್ತದೆ. ಊದಿ ಹೊಟ್ಟು ಹಾರಿಸಿ, ಕಾಗದದ ಪೊಟ್ಟಣ ಕಟ್ಟಿ, ತಿಂಗಳು ಬರೆದು, ಒಂದು ಪಾಲು ವಾಚ್‌ಮನ್ ಕ್ಯಾಬಿನ್ನಿನ ಡಬ್ಬಿಯಲ್ಲಿಡಿ. ಈ ವರ್ಷ ಆ ಡಬ್ಬಿಯಿಂದ ಯಾರೋ ಒಂದು ಪೊಟ್ಟಣ ತೆಗೆದುಕೊಂಡು ಹೋಗಿದ್ದಾರೆ. ಪಕ್ಕದ ಗಲ್ಲಿಯ ಬಸ್‌ಸ್ಟಾಪಿನ ಹಿಂದೆ ಪೇಂಟಿನ ಎರಡು ಡಬ್ಬಗಳಲ್ಲಿ ಕೆಂಪು ಹರಿವೆ ಮೂರು ಇಂಚು ಬಂದಿದೆ.